ಓದುಗರ ಪ್ರಶ್ನೆ, ವೈದ್ಯರ ಉತ್ತರ: ಗಂಟೆ ಎರಡು ಹೊಡೆದದ್ದು ಕೇಳಿಸಿತು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನಿದ್ದೆಯನ್ನು ಕುರಿತವು. ಅವುಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟು ಊರುಗಳನ್ನಷ್ಟೇ ಉಳಿಸಿಕೊಂಡಿದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 66. ಕೆಲಸದಲ್ಲಿದ್ದಾಗ ಹತ್ತೂವರೆಗೆ ಮಲಗುತ್ತಿದ್ದೆ, ಈಗ ಒಂಬತ್ತಕ್ಕೇ ಮಲಗಿ ಬೆಳಿಗ್ಗೆ ಆರಕ್ಕೆ ಏಳುತ್ತೇನೆ. ಗೋಡೆ ಗಡಿಯಾರ ಹನ್ನೊಂದು ಹೊಡೆದದ್ದು, ಹನ್ನೆರಡು ಹೊಡೆದದ್ದು, ಎರಡು ಹೊಡೆದದ್ದು ಎಲ್ಲವೂ ಕೇಳಿಸುತ್ತದೆ. ರಾತ್ರಿಯಿಡೀ ರೆಪ್ಪೆ ಮುಚ್ಚಲಿಲ್ಲವೆಂದು ನಾನು ಹೇಳಿದರೆ, ಗೊರಕೆ ಹೊಡೆಯುತ್ತಿದ್ದವರು ಯಾರೆಂದು ನನ್ನಾಕೆ ಕೇಳುತ್ತಾಳೆ. ಯಾರನ್ನು ನಂಬಬೇಕು? (ಶಿರಸಿ)

ಉತ್ತರ: ಮೇಷ್ಟ್ರೇ, ಇಬ್ಬರನ್ನೂ ನಂಬಬೇಕು. ನಿಮ್ಮ ಮೈಯಲ್ಲಿ ಹೊತ್ತನ್ನು ಅಳೆಯುವ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಒಂದು, ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂದು ಹೇಳುವ ಜೈವಿಕ ಗಡಿಯಾರ. ಮೆದುಳಿನ ತಳಭಾಗದಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಜಾಗಕ್ಕೆ ತುಸು ಮೇಲೆ, ಅಕ್ಕಿಕಾಳಿಗಿಂತ ಚಿಕ್ಕದಾದ ಜೋಡಿ ಗುಂಪುಗಳಲ್ಲಿ ಸುಮಾರು 20,000 ನರಕೋಶಗಳಿವೆ; ಆ ಗಡಿಯಾರ ಅದೇ. ಇನ್ನೊಂದು, ಎಷ್ಟು ಹೊತ್ತು ಕಳೆಯಿತು ಎಂಬ ಮನಸ್ಸಿನ ಅಂದಾಜು. ಇದನ್ನು ಗಮನ ಮತ್ತು ನೆನಪು ಸೇರಿ ಕಟ್ಟುತ್ತವೆ. ಮೊದಲನೆಯದು ತಕ್ಕಮಟ್ಟಿಗೆ ನಂಬಿಕಸ್ಥ. ಎರಡನೆಯದು, ಅದರಲ್ಲೂ ಕತ್ತಲೆಯಲ್ಲಿ, ನಂಬಲು ಯೋಗ್ಯವಲ್ಲ.

ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟವಾದ ಸಾಕ್ಷಿ ಮಿಶೆಲ್ ಸಿಫ್ರ್ ಎಂಬ ಫ್ರೆಂಚ್ ಭೂವಿಜ್ಞಾನಿಯದು. 1962ರ ಜುಲೈ 16ರಂದು, ತನ್ನ 23ನೆಯ ವಯಸ್ಸಿನಲ್ಲಿ, ಆತ ಆಲ್ಪ್ಸ್ ಪರ್ವತದ ಸ್ಕರಾಸ್ಸೋನ್ ಎಂಬ ಹಿಮಗುಹೆಗೆ ಒಬ್ಬನೇ ಇಳಿದ. ಜತೆಯಲ್ಲಿ ಗಡಿಯಾರವಿರಲಿಲ್ಲ, ಬಿಸಿಲು ಒಳಗೆ ಬರುತ್ತಿರಲಿಲ್ಲ. ಎದ್ದಾಗ, ಉಂಡಾಗ, ಮಲಗುವಾಗ ಮೇಲಿದ್ದವರಿಗೆ ದೂರವಾಣಿಯಲ್ಲಿ ತಿಳಿಸುತ್ತಿದ್ದ. ಅವರು ಮಾತ್ರ ವೇಳೆ ಎಷ್ಟೆಂದು ಹೇಳುವಂತಿರಲಿಲ್ಲ. ಸೆಕೆಂಡಿಗೆ ಒಂದರಂತೆ 120ರವರೆಗೆ ಎಣಿಸಲು ಹೇಳಿದಾಗ ಆತ ತೆಗೆದುಕೊಂಡದ್ದು ಸುಮಾರು ಐದು ನಿಮಿಷ. ಸೆಪ್ಟೆಂಬರ್ 14ರಂದು ಅವಧಿ ಮುಗಿಯಿತೆಂದು ತಿಳಿಸಿದರೆ, ಆತನ ಲೆಕ್ಕದಲ್ಲಿ ಅಂದು ಇನ್ನೂ ಆಗಸ್ಟ್ 20. ಮನಸ್ಸು ಎರಡು ತಿಂಗಳಲ್ಲಿ 25 ದಿನಗಳನ್ನು ಕಳೆದುಕೊಂಡಿತ್ತು. ಆದರೆ ಮೇಲಿದ್ದವರು ಬರೆದಿಟ್ಟ ವೇಳೆಗಳನ್ನು ನೋಡಿದಾಗ, ಆತನ ಮೈ ಸರಾಸರಿ 24 ಗಂಟೆ 30 ನಿಮಿಷಕ್ಕೊಂದು ದಿನದಂತೆ ಮಲಗಿ ಏಳುತ್ತಿತ್ತು. ದಿನಕ್ಕೆ ಅರ್ಧ ಗಂಟೆಯಂತೆ ಕೂಡಿಸಿದರೂ ಎರಡು ತಿಂಗಳಿಗೆ ಒಂದೂಕಾಲು ದಿನದ ತಪ್ಪು, ಅಷ್ಟೆ.

ನಿಮ್ಮ ಮಲಗುವ ಕೋಣೆಯೂ ಒಂದು ಸಣ್ಣ ಗುಹೆಯೇ. ಅಲ್ಲಿ ಮನಸ್ಸು ಸಿಫ್ರ್‌ನಿಗೆ ತಿರುಗುಮುರುಗಾಗಿ ತಪ್ಪುತ್ತದೆ: ಆತನಿಗೆ ಹೊತ್ತು ಕುಗ್ಗಿತು, ನಿದ್ದೆ ಬಾರದವರಿಗೆ ಅದು ಹಿಗ್ಗುತ್ತದೆ. ಕಾಯುತ್ತ ಕುಳಿತಾಗ ಬಸ್ಸು ತಡವಾದಂತೆ ಕಾಣುವ ಹಾಗೆ, ನಿದ್ದೆಗಾಗಿ ಕಾಯುವವನ ಗಮನವೆಲ್ಲ ಹೊತ್ತಿನ ಮೇಲೆಯೇ ಇರುವುದರಿಂದ ಹದಿನೈದು ನಿಮಿಷ ಒಂದು ಗಂಟೆಯಾಗುತ್ತದೆ. ಹನ್ನೆರಡು ಹೊಡೆದದ್ದಕ್ಕೂ ಎರಡು ಹೊಡೆದದ್ದಕ್ಕೂ ನಡುವೆ ನೀವು ನಿದ್ದೆ ಮಾಡಿದ್ದರೆ ಆ ನಿದ್ದೆ ನೆನಪಿನಲ್ಲಿ ದಾಖಲಾಗುವುದಿಲ್ಲ, ಎಚ್ಚರವಾದ ಎರಡು ಗಳಿಗೆಗಳು ಮಾತ್ರ ದಾಖಲಾಗುತ್ತವೆ. ಮನಸ್ಸು ಆ ಎರಡನ್ನೂ ಹೊಲಿದು ಒಂದೇ ಉದ್ದನೆಯ ಎಚ್ಚರವನ್ನಾಗಿ ಮಾಡುತ್ತದೆ. ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ನಿದ್ರಾ ಪ್ರಯೋಗಾಲಯಗಳಲ್ಲಿಯೂ, ತೆಳು ನಿದ್ದೆಯಲ್ಲಿದ್ದವರನ್ನು ಎಬ್ಬಿಸಿ ಕೇಳಿದರೆ ‘ನಾನು ಮಲಗಿಯೇ ಇರಲಿಲ್ಲ’ ಎಂದು ಅನೇಕರು ಪ್ರಾಮಾಣಿಕವಾಗಿ ಹೇಳುತ್ತಾರೆ.

ಹಾಗೆಂದು ನಿಮ್ಮ ತೊಂದರೆ ಬರೀ ಭ್ರಮೆಯೆಂದು ತಳ್ಳಿಹಾಕುತ್ತಿಲ್ಲ. ಒಂಬತ್ತರಿಂದ ಆರರವರೆಗೆ ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದೀರಿ. ನಿಮ್ಮ ವಯಸ್ಸಿನಲ್ಲಿ ಬೇಕಾಗುವ ನಿದ್ದೆ ಏಳೆಂಟು ಗಂಟೆ. ಉಳಿದ ಹೊತ್ತು ಎಚ್ಚರವಾಗಿಯೇ ಕಳೆಯಬೇಕು. ಅದಲ್ಲದೆ, ರೂಢಿಯ ನಿದ್ದೆಯ ವೇಳೆಗೆ ಎರಡು ಮೂರು ಗಂಟೆ ಮುಂಚಿನ ಅವಧಿಯಲ್ಲಿ ಜೈವಿಕ ಗಡಿಯಾರ ನಮ್ಮನ್ನು ಎಚ್ಚರವಾಗಿಡಲು ಅತಿ ಹೆಚ್ಚು ಪ್ರಯತ್ನಿಸುತ್ತದೆ. ಹತ್ತೂವರೆಗೆ ರೂಢಿಯಾದ ಮೈಯನ್ನು ಒಂಬತ್ತಕ್ಕೆ ಮಲಗಿಸುವುದೆಂದರೆ ಏರುನೀರಿಗೆ ಎದುರಾಗಿ ದೋಣಿ ನಡೆಸಿದಂತೆ. ಹತ್ತೂವರೆಗೇ ಮಲಗಿರಿ, ಆರಕ್ಕೆ ತಪ್ಪದೆ ಏಳಿರಿ, ರಾತ್ರಿ ಎಷ್ಟೇ ಕೆಟ್ಟಿರಲಿ ಏಳುವ ವೇಳೆಯನ್ನು ಮುಂದೂಡಬೇಡಿರಿ. ಗಂಟೆ ಹೊಡೆಯುವ ಗಡಿಯಾರವನ್ನು ಜಗಲಿಗೆ ಸಾಗಿಸಿರಿ. ಒಂದು ಮಾತು ಮಾತ್ರ ನಿಮ್ಮ ಮನೆಯವರನ್ನು ಕೇಳಬೇಕು: ಗೊರಕೆ ನಡುನಡುವೆ ನಿಂತು, ಉಸಿರು ಕಟ್ಟಿದಂತಾಗಿ, ಮತ್ತೆ ಜೋರಾಗಿ ಶುರುವಾಗುತ್ತದೆಯೇ? ಹೌದಾದರೆ, ಅಥವಾ ಹಗಲಿನಲ್ಲಿ ಕುಳಿತಲ್ಲೇ ತೂಕಡಿಕೆ ಬರುತ್ತಿದ್ದರೆ, ಅದು ಗಡಿಯಾರದ ವಿಷಯವಲ್ಲ, ವೈದ್ಯರಿಗೆ ತೋರಿಸಲೇಬೇಕು.

ಪ್ರಶ್ನೆ: ಬೆಳಗಿನ ರೈಲು ಹಿಡಿಯಬೇಕಾದ ದಿನ ನಾಲ್ಕಕ್ಕೆ ಅಲಾರಂ ಇಟ್ಟರೆ, ಅದು ಬಡಿಯುವ ಎರಡು ನಿಮಿಷ ಮೊದಲೇ ಎಚ್ಚರವಾಗುತ್ತದೆ. ನಿದ್ದೆಯಲ್ಲಿರುವವರಿಗೆ ವೇಳೆ ಹೇಗೆ ಗೊತ್ತಾಗುತ್ತದೆ? (ಹುಬ್ಬಳ್ಳಿ)

ಉತ್ತರ: ಮೈ ಮೊದಲೇ ಸಿದ್ಧತೆ ಆರಂಭಿಸಿರುತ್ತದೆ. ಜರ್ಮನಿಯ ಯಾನ್ ಬೋರ್ನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ರಾತ್ರಿ ‘ಆರಕ್ಕೆ ಎಬ್ಬಿಸುತ್ತೇವೆ’ ಎಂದೂ ಕೆಲವು ರಾತ್ರಿ ‘ಒಂಬತ್ತಕ್ಕೆ ಎಬ್ಬಿಸುತ್ತೇವೆ’ ಎಂದೂ ಹೇಳಿ ಮಲಗಿಸಿದರು. ಆರರ ಮಾತು ಕೇಳಿ ಮಲಗಿದವರ ರಕ್ತದಲ್ಲಿ ಐದರ ಹೊತ್ತಿಗಾಗಲೇ ಎಸಿಟಿಎಚ್ ಎಂಬ, ಮೈಯನ್ನು ದಿನದ ಒತ್ತಡಕ್ಕೆ ಅಣಿಗೊಳಿಸುವ ಹಾರ್ಮೋನು ಏರತೊಡಗಿತ್ತು. ಒಂಬತ್ತೆಂದು ನಂಬಿದವರನ್ನು ತಿಳಿಸದೆ ಆರಕ್ಕೆ ಎಬ್ಬಿಸಿದಾಗ ಆ ಏರಿಕೆ ಮುಂಚಿತವಾಗಿ ಆಗಿರಲಿಲ್ಲ. ಅಂದರೆ ಮಲಗುವ ಮುಂಚಿನ ನಿರೀಕ್ಷೆ ನಿದ್ದೆಯೊಳಗೂ ಕೆಲಸ ಮಾಡುತ್ತದೆ. ಕೋಳಿಯೂ ಹೀಗೆಯೇ: ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದಂತೆ, ಬೆಳಕು ಬದಲಾಗದ ಮಬ್ಬು ಕೋಣೆಯಲ್ಲಿಟ್ಟರೂ ಹುಂಜಗಳು ತಮ್ಮ ವೇಳೆಗೇ ಕೂಗುತ್ತವೆ.

ಆದರೆ ಒಂದು ಚಿಕ್ಕ ಅನುಮಾನವನ್ನೂ ಇಟ್ಟುಕೊಳ್ಳಿರಿ. ರೈಲಿನ ಚಿಂತೆಯಿರುವ ರಾತ್ರಿ ನಾಲ್ಕೈದು ಸಲ ಎಚ್ಚರವಾಗಿರಬಹುದು, ನೆನಪಿನಲ್ಲಿ ಉಳಿಯುವುದು ಸರಿಯಾದ ವೇಳೆಗೆ ಎಚ್ಚರವಾದದ್ದು ಮಾತ್ರ.

ಪ್ರಶ್ನೆ: ಮಗ ದ್ವಿತೀಯ ಪಿಯುಸಿ. ರಾತ್ರಿ ಒಂದರವರೆಗೆ ಮಲಗುವುದಿಲ್ಲ. ಬ್ರಾಹ್ಮೀ ಮುಹೂರ್ತದಲ್ಲಿ ಓದಿದರೆ ತಲೆಗೆ ಹತ್ತುತ್ತದೆ ಎಂದು ನಮ್ಮ ಯಜಮಾನರು ನಾಲ್ಕೂವರೆಗೆ ಎಬ್ಬಿಸಿ ಕೂರಿಸುತ್ತಾರೆ. ಅವನು ಪುಸ್ತಕದ ಮೇಲೆಯೇ ಮಲಗುತ್ತಾನೆ. ಭಾನುವಾರ ಹನ್ನೊಂದಾದರೂ ಏಳುವುದಿಲ್ಲ. ಸೋಮಾರಿತನವೇ? (ದಾವಣಗೆರೆ)

ಉತ್ತರ: ಅಲ್ಲಮ್ಮ. ಹದಿಹರೆಯದಲ್ಲಿ ಜೈವಿಕ ಗಡಿಯಾರ ಹಿಂದಕ್ಕೆ ಸರಿಯುತ್ತದೆ. ನಿದ್ದೆಯ ಸೂಚನೆ ಕೊಡುವ ಮೆಲಟೋನಿನ್ ದೊಡ್ಡವರಿಗಿಂತ ತಡವಾಗಿ ಏರುತ್ತದೆ, ತಡವಾಗಿ ಇಳಿಯುತ್ತದೆ. ಈ ವಯಸ್ಸಿಗೆ ಎಂಟು ಗಂಟೆಗಿಂತ ಕಡಿಮೆ ನಿದ್ದೆ ಸಾಲದು. ನಿಮ್ಮ ಮಗನಿಗೆ ಸಿಗುತ್ತಿರುವುದು ಮೂರೂವರೆ ಗಂಟೆ. ಮೈಯ ಉಷ್ಣತೆ ಮತ್ತು ಚುರುಕುತನ ತೀರ ಕೆಳಗಿರುವುದು ದೊಡ್ಡವರಲ್ಲಿ ನಸುಕಿನ ನಾಲ್ಕೈದು ಗಂಟೆಗೆ, ಇಂಥ ಹುಡುಗರಲ್ಲಿ ಇನ್ನೂ ತಡವಾಗಿ. ಆ ಹೊತ್ತಿನಲ್ಲಿ ಕೂರಿಸಿ ಓದಿಸಿದ್ದು ತಲೆಗೆ ಹತ್ತಲಾರದು.

ಬ್ರಾಹ್ಮೀ ಮುಹೂರ್ತದ ಬಗ್ಗೆ ಯಜಮಾನರಿಗೆ ಗೌರವಪೂರ್ವಕವಾಗಿ ಒಂದು ಲೆಕ್ಕ ತಿಳಿಸಬಯಸುತ್ತೇನೆ. ಅದು ಸೂರ್ಯೋದಯಕ್ಕೆ 96 ನಿಮಿಷ ಮೊದಲು ಆರಂಭವಾಗಿ ಎರಡು ಗಳಿಗೆ, ಅಂದರೆ 48 ನಿಮಿಷ ಇರುವ ಅವಧಿ. ದೀಪದ ಎಣ್ಣೆಗೂ ಲೆಕ್ಕವಿದ್ದ ಕಾಲದಲ್ಲಿ ಕತ್ತಲಾದ ಸ್ವಲ್ಪ ಹೊತ್ತಿಗೇ ಮಲಗುತ್ತಿದ್ದವರಿಗೆ ಆ ಹೊತ್ತಿಗೆ ನಿದ್ದೆ ಪೂರ್ತಿಯಾಗಿರುತ್ತಿತ್ತು. ಏಳುವ ವೇಳೆಯನ್ನು ಮಾತ್ರ ಹಿರಿಯರಿಂದ ಪಡೆದು ಮಲಗುವ ವೇಳೆಯನ್ನು ಮೊಬೈಲಿನಿಂದ ಪಡೆದರೆ ಲೆಕ್ಕ ಕೂಡುವುದಿಲ್ಲ.

ಭಾನುವಾರದ ನಿದ್ದೆಗೂ ಕಾರಣವಿದೆ, ಅಪಾಯವೂ ಇದೆ. ವಾರದ ಸಾಲ ತೀರಿಸಲು ಅವನು ಹನ್ನೊಂದರವರೆಗೆ ಮಲಗುತ್ತಾನೆ, ಬೆಳಗಿನ ಬೆಳಕು ತಪ್ಪಿಹೋಗುತ್ತದೆ, ಗಡಿಯಾರ ಇನ್ನಷ್ಟು ಹಿಂದೆ ಬೀಳುತ್ತದೆ, ಸೋಮವಾರ ಬೇರೆ ದೇಶದಿಂದ ವಿಮಾನದಲ್ಲಿ ಬಂದಿಳಿದವನಂತೆ ಇರುತ್ತಾನೆ. ಜರ್ಮನಿಯ ವಿಜ್ಞಾನಿ ಟಿಲ್ ರೋನೆಬರ್ಗ್ ಇದನ್ನು ಸಾಮಾಜಿಕ ಜೆಟ್ ಲ್ಯಾಗ್ ಎಂದು ಕರೆದರು. ಗಡಿಯಾರವನ್ನು ಮುಂದಕ್ಕೆ ತರುವ ಉಪಾಯ ಬೆಳಕು. ಮನೆಯ ಟ್ಯೂಬ್‌ಲೈಟಿನ ಕೆಳಗೆ ಕೆಲವು ನೂರು ಲಕ್ಸ್ ಬೆಳಕಿದ್ದರೆ ಹೊರಗಿನ ಪ್ರಖರ ಬಿಸಿಲಿನಲ್ಲಿ ಒಂದು ಲಕ್ಷ ಲಕ್ಸ್‌ವರೆಗೆ ಇರುತ್ತದೆ. ಆರೂವರೆಗೆ ಎಬ್ಬಿಸಿ, ಕಾಫಿಯ ಲೋಟ ಕೈಗೆ ಕೊಟ್ಟು ಅರ್ಧ ಗಂಟೆ ಅಂಗಳದಲ್ಲೋ ಮಾಳಿಗೆಯ ಮೇಲೋ ಕೂರಿಸಿರಿ, ಭಾನುವಾರವೂ ಏಳೂವರೆ ದಾಟದಿರಲಿ. ರಾತ್ರಿ ಹತ್ತರ ನಂತರ ಮೊಬೈಲು ಅವನ ಕೋಣೆಯಲ್ಲಿರಬಾರದು, ನಿಮ್ಮ ಕೈಯಲ್ಲೂ ಇರಬಾರದು. ನಾಲ್ಕೈದು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಬೇಗ ಮಲಗಿಸುತ್ತ ಬನ್ನಿರಿ. ಒಂದೇ ರಾತ್ರಿಯಲ್ಲಿ ಒಂದರಿಂದ ಹತ್ತಕ್ಕೆ ತರಲು ಹೊರಟರೆ ಮೇಷ್ಟ್ರಿಗೆ ಆದದ್ದೇ ಅವನಿಗೂ ಆಗುತ್ತದೆ.

ಪ್ರಶ್ನೆ: ನಾನು ಆಸ್ಪತ್ರೆಯಲ್ಲಿ ದಾದಿ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟೂವರೆಗೆ ಮನೆಗೆ ಬಂದು ಮಲಗಿದರೆ ತಕ್ಷಣ ನಿದ್ದೆ ಬರುತ್ತದೆ, ಆದರೆ ಹನ್ನೆರಡೂವರೆಗೆ ತಾನಾಗಿ ಎಚ್ಚರವಾಗುತ್ತದೆ. ಅಷ್ಟು ಸುಸ್ತಾಗಿದ್ದರೂ ಹೀಗೇಕೆ? ಮೆಲಟೋನಿನ್ ಮಾತ್ರೆ ನುಂಗಬಹುದೇ? (ಮೈಸೂರು)

ಉತ್ತರ: ನಿದ್ದೆಯನ್ನು ಎರಡು ಹಗ್ಗಗಳು ಎಳೆಯುತ್ತವೆ ಎಂದು ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ವಿವರಿಸಿದರು, ಹಗ್ಗದ ಹೋಲಿಕೆ ನನ್ನದು. ಎಚ್ಚರವಾಗಿದ್ದಷ್ಟೂ ಹೊತ್ತು ಅಡಿನೊಸಿನ್‌ನಂಥ ರಾಸಾಯನಿಕಗಳು ಮೆದುಳಿನಲ್ಲಿ ಕೂಡುತ್ತ ನಿದ್ದೆಯ ಒತ್ತಡ ಹೆಚ್ಚುತ್ತದೆ, ಇದು ಒಂದು. ಜೈವಿಕ ಗಡಿಯಾರ ಇನ್ನೊಂದು. ಬೆಳಿಗ್ಗೆ ನೀವು ಮಲಗುವಾಗ ಮೊದಲನೆಯದು ಬಿಗಿಯಾಗಿರುವುದರಿಂದ ಕೂಡಲೇ ನಿದ್ದೆ ಹತ್ತುತ್ತದೆ. ನಾಲ್ಕು ಗಂಟೆಯಲ್ಲಿ ಆ ಒತ್ತಡ ಸಡಿಲವಾಗುತ್ತದೆ. ಅಷ್ಟರಲ್ಲಿ ಹಗಲೆಂದು ನಂಬಿರುವ ಗಡಿಯಾರ ಮೈಯ ಉಷ್ಣತೆಯನ್ನು ಏರಿಸಿ ನಿಮ್ಮನ್ನು ಎಬ್ಬಿಸುತ್ತದೆ. ನಿಮ್ಮ ದೇಹ ತಪ್ಪು ಮಾಡುತ್ತಿಲ್ಲ, ಪಾಳಿಯ ಪಟ್ಟಿ ಅದಕ್ಕೆ ಒಪ್ಪುತ್ತಿಲ್ಲ.

ಮನೆಗೆ ಬರುವಾಗ ಕಪ್ಪು ಕನ್ನಡಕ ಹಾಕಿಕೊಂಡರೆ ಬೆಳಗಿನ ಬಿಸಿಲು ಗಡಿಯಾರಕ್ಕೆ ‘ಹಗಲಾಯಿತು’ ಎಂದು ಹೇಳುವುದು ಕಡಿಮೆಯಾಗುತ್ತದೆ. ಆದರೆ ತೂಕಡಿಕೆಯಲ್ಲಿ ಸ್ಕೂಟರ್ ಓಡಿಸುವುದಾದರೆ ಈ ಸಲಹೆ ಬೇಡ, ಆಗ ಬಸ್ಸೇ ಸರಿ. ಕಿಟಕಿಗೆ ದಪ್ಪ ಪರದೆ ಕಟ್ಟಿರಿ. ಪಾಳಿಗೆ ಹೊರಡುವ ಮುಂಚೆ ಸಂಜೆ ಒಂದು ಒಂದೂವರೆ ಗಂಟೆ ಮಲಗಲು ಸಾಧ್ಯವಾದರೆ ಅದು ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ಕಾಫಿ ಪಾಳಿಯ ಮೊದಲರ್ಧದಲ್ಲಿ ಮಾತ್ರ ಇರಲಿ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ ಮೈಯಲ್ಲಿ ಉಳಿದಿರುತ್ತದೆ.

ಪಟ್ಟಿ ಹಾಕುವವರೊಡನೆ ಮಾತಾಡಲು ಅವಕಾಶವಿದ್ದರೆ, ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಎಂಬ ಕ್ರಮದಲ್ಲಿ ಪಾಳಿ ತಿರುಗಿಸಲು ಕೇಳಿರಿ. ಹಾರ್ವರ್ಡಿನ ಚಾರ್ಲ್ಸ್ ಝೈಸ್ಲರ್ ತಂಡ 1999ರಲ್ಲಿ ಅಳೆದಂತೆ ಮನುಷ್ಯನ ಒಳಗಡಿಯಾರದ ದಿನ ಸರಾಸರಿ 24 ಗಂಟೆ 11 ನಿಮಿಷ. ಹೊರಗಿನ ದಿನಕ್ಕಿಂತ ಅದು ತುಸು ಉದ್ದವಾಗಿರುವುದರಿಂದ ತಡವಾಗಿ ಮಲಗುವುದು ನಮಗೆ ಸುಲಭ, ಬೇಗ ಮಲಗುವುದು ಕಷ್ಟ. ಮೆಲಟೋನಿನ್ ಮಾತ್ರೆಯ ಬಗ್ಗೆಯೂ ಕೇಳಿದ್ದೀರಿ. ತಪ್ಪು ವೇಳೆಗೆ ನುಂಗಿದರೆ ಅದು ಗಡಿಯಾರವನ್ನು ಬೇಡದ ದಿಕ್ಕಿಗೆ ತಿರುಗಿಸಬಲ್ಲದು, ಆದ್ದರಿಂದ ಸ್ವಂತ ನಿರ್ಧಾರದ ಮೇಲೆ ಬೇಡ.

ಪ್ರಶ್ನೆ: ಮಗಳು ಬಾಣಂತಿ. ಕೂಸಿಗೆ ಏಳು ವಾರ. ಹಗಲೆಲ್ಲ ಮಲಗಿ ರಾತ್ರಿ ಕಣ್ಣು ಬಿಟ್ಟು ಆಡುತ್ತದೆ. ಹಗಲು ರಾತ್ರಿ ತಿರುಗಿಬಿದ್ದಿದೆ ಎನ್ನುತ್ತಾರೆ, ದೃಷ್ಟಿಯನ್ನೂ ತೆಗೆದಾಯಿತು. (ತುಮಕೂರು)

ಉತ್ತರ: ತಿರುಗಿಬಿದ್ದಿಲ್ಲ ತಾಯಿ, ಕೂಸಿಗೆ ಹಗಲು ರಾತ್ರಿ ಎಂಬುದು ಇನ್ನೂ ಸರಿಯಾಗಿ ಹುಟ್ಟಿಲ್ಲ. ಮೆಲಟೋನಿನ್ನಿನ ಹಗಲುರಾತ್ರಿಯ ಏರಿಳಿತ ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಕೂಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ತಾಯಿಯ ರಾತ್ರಿಯ ಹಾಲಿನಲ್ಲಿರುವ ಮೆಲಟೋನಿನ್ ಅಷ್ಟಿಷ್ಟು ಸುದ್ದಿ ಮುಟ್ಟಿಸುತ್ತದೆ.

ಈ ವಿಷಯದಲ್ಲಿ ನಮ್ಮ ದೇಶದ್ದೇ ಒಂದು ಸೊಗಸಾದ ಪ್ರಯೋಗವಿದೆ. ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದ ಎಂ.ಕೆ. ಚಂದ್ರಶೇಖರನ್ ಅವರು ಮದುರೆಯಲ್ಲಿದ್ದಾಗ, ತಮ್ಮ ಸಹೋದ್ಯೋಗಿಯೊಡನೆ ಇಲಿಮರಿಗಳನ್ನು ಬೆಳಕು ಬದಲಾಗದ ಜಾಗದಲ್ಲಿಟ್ಟು, ತಾಯಿಯನ್ನು ದಿನಕ್ಕೆ 12 ಗಂಟೆ ಮಾತ್ರ ಮರಿಗಳ ಬಳಿ ಬಿಟ್ಟರು. ತಾಯಿ ಬರುವ ಹೋಗುವ ವೇಳೆಗೆ ಮರಿಗಳ ಗಡಿಯಾರ ಹೊಂದಿಕೊಂಡಿತು. 1985ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಬೆಳಕಿನ ಜಾಗದಲ್ಲಿ ತಾಯಿಯೇ ಇದ್ದಳು.

ನಿಮ್ಮ ಮನೆಯಲ್ಲಿ ಮಾಡಬೇಕಾದದ್ದು ಕಷ್ಟದ್ದಲ್ಲ. ಬಾಣಂತಿ ಕೋಣೆಯನ್ನು ಹಗಲಲ್ಲೂ ಕತ್ತಲಾಗಿಡುವ ರೂಢಿ ನಿಮ್ಮಲ್ಲಿದ್ದರೆ ಬೆಳಗಾದ ಮೇಲೆ ಕಿಟಕಿ ತೆರೆದಿಡಿರಿ. ಗಾಳಿ ಹೊಡೆಯುತ್ತದೆಂಬ ಭಯವಿದ್ದರೆ ಗಾಜು ಮುಚ್ಚಿ ಪರದೆ ಸರಿಸಿದರೂ ಸಾಕು. ಹಗಲು ಮನೆಯ ಸದ್ದುಗದ್ದಲ ಇದ್ದಂತೆಯೇ ಇರಲಿ, ಎಚ್ಚರವಿದ್ದಾಗ ಮಾತಾಡಿಸಿರಿ. ರಾತ್ರಿ ಹಾಲೂಡಿಸುವಾಗ ದೊಡ್ಡ ದೀಪ ಹಾಕಬೇಡಿರಿ, ಎಷ್ಟು ಮುದ್ದು ಬಂದರೂ ಆಡಿಸಬೇಡಿರಿ. ಹಗಲಿನಲ್ಲಿ ಕೂಸು ಮಲಗಿದಾಗ ಮಗಳೂ ಮಲಗಲಿ. ಬಂದ ನೆಂಟರನ್ನು ಆ ಹೊತ್ತು ನೀವು ಜಗಲಿಯಲ್ಲೇ ಮಾತಾಡಿಸಿ ಕಳಿಸಿರಿ.