ನಿಂಬೆಗಿಡದ ಎಲೆ ಉದುರಿದರೆ ಹಾರ್ಮೋನ್ ಸಿಂಪಡಿಸಬೇಕೇ?

ಪ್ರಶ್ನೆ: ಕುಂಡದ ನಿಂಬೆಗಿಡಕ್ಕೆ ಹತ್ತು ದಿನ ನೀರು ತಪ್ಪಿತ್ತು. ಆಗ ಎಲೆ ಬಾಡಿತೇ ಹೊರತು ಉದುರಲಿಲ್ಲ. ನೀರು ಹಾಕಿದ ಮರುದಿನದಿಂದ ಹಸಿರೆಲೆಗಳೇ ಉದುರುತ್ತಿವೆ. ನೀರು ಜಾಸ್ತಿಯಾಯಿತೇ?

ಉತ್ತರ: ಇಲ್ಲ, ಇದು ಆ ಹತ್ತು ದಿನಗಳ ಫಲ. ಬೇರು ಒಣಗಿದಾಗ ಅದರಲ್ಲಿ ಮೊದಲು ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನ್ ಏರುತ್ತದೆ, ಅದರ ಬೆನ್ನಿಗೆ ಎಸಿಸಿ ಎಂಬ ವಸ್ತು ಸೇರಿಕೊಳ್ಳುತ್ತದೆ. ಎಲೆ ಉದುರಿಸುವ ಹಾರ್ಮೋನ್ ಆದ ಎಥಿಲೀನ್ ಅನಿಲ ತಯಾರಾಗುವುದು ಈ ಎಸಿಸಿಯಿಂದಲೇ. ನೀರಿಲ್ಲದಾಗ ರಸ ಮೇಲೇರುವುದು ತೀರಾ ಕಡಿಮೆ, ಹಾಗಾಗಿ ಎಸಿಸಿ ಬೇರಿನಲ್ಲೇ ಉಳಿಯುತ್ತದೆ. ನೀರು ಸಿಕ್ಕಿದ್ದೇ ತಡ, ಎಲೆಗೆ ಏರಿ ಎಥಿಲೀನ್ ಆಗುತ್ತದೆ. ನಿಂಬೆ ಜಾತಿಯದೇ ಆದ ಕ್ಲಿಯೋಪಾತ್ರ ಮ್ಯಾಂಡರಿನ್ ಸಸಿಗಳ ಬಗ್ಗೆ 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದೂ ಇದೇ.

ಉದುರಿದ ಎಲೆಯನ್ನೊಮ್ಮೆ ಎತ್ತಿ ನೋಡಿ. ನಿಂಬೆ ಜಾತಿಯ ಎಲೆ ಕಳಚಿಕೊಳ್ಳುವ ಜಾಗ ಎರಡು: ಅಲಗು (ಎಲೆಯ ಅಗಲ ಭಾಗ) ತೊಟ್ಟಿಗೆ ಸೇರುವಲ್ಲಿ ಒಂದು, ತೊಟ್ಟು ರೆಂಬೆಗೆ ಸೇರುವಲ್ಲಿ ಇನ್ನೊಂದು. ತೊಟ್ಟು ರೆಂಬೆಯಲ್ಲೇ ನಿಂತು ಅಲಗು ಮಾತ್ರ ಬಿದ್ದಿದ್ದರೆ ನೀರಿನ ಅಥವಾ ಬೇರಿನ ತೊಂದರೆಯನ್ನೇ ಮೊದಲು ಶಂಕಿಸಬೇಕು. ಹಳದಿಯಾಗಿ ತೊಟ್ಟುಸಹಿತ ಬಿದ್ದರೆ ಸಾಮಾನ್ಯವಾಗಿ ಎಲೆಗೆ ವಯಸ್ಸಾಗಿದೆ ಎಂದರ್ಥ.

ಆರೋಗ್ಯವಾಗಿರುವ ಅಲಗಿನಿಂದ ತೊಟ್ಟಿನ ಕಡೆಗೆ ಆಕ್ಸಿನ್ ಎಂಬ ಹಾರ್ಮೋನ್ ಸದಾ ಇಳಿಯುತ್ತಿರುತ್ತದೆ. ಅಲ್ಲಿಯವರೆಗೆ ಕಳಚುವ ಜಾಗದ ಕೋಶಗಳ ಮೇಲೆ ಎಥಿಲೀನ್ ಆಟ ನಡೆಯುವುದಿಲ್ಲ. ಆಕ್ಸಿನ್ ಕುಗ್ಗಿ ಎಥಿಲೀನ್ ಏರಿತೋ, ಸೆಲ್ಯುಲೇಸ್ ಮತ್ತು ಪಾಲಿಗ್ಯಾಲಕ್ಟುರನೇಸ್ ಕಿಣ್ವಗಳು ಕೋಶಗಳನ್ನು ಹಿಡಿದಿಟ್ಟ ಅಂಟನ್ನು ಕರಗಿಸುತ್ತವೆ. ಆಮೇಲೆ ಬೆರಳು ತಾಗಿದರೂ ಎಲೆ ಕೈಗೆ ಬರುತ್ತದೆ.

ಪೂರ್ತಿ ಒಣಗಿದ ಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿರುತ್ತದೆ. ಮೇಲೆ ಸುರಿದ ನೀರು ಆ ಸಂದಿಯಲ್ಲೇ ಜಾರಿ ಕೆಳಗಿನ ತೂತಿನಿಂದ ಹೊರಬೀಳುತ್ತದೆ, ಬೇರಿನ ಮುದ್ದೆಯ ನಡುಭಾಗ ಒಣಗಿಯೇ ಇರುತ್ತದೆ. ಹಾಗಾಗಿ ಕುಂಡವನ್ನು ಅರ್ಧ ಎತ್ತರ ಮುಳುಗುವಂತೆ 20–30 ನಿಮಿಷ ನೀರಿನಲ್ಲಿಟ್ಟು, ಹೊರತೆಗೆದು ಚೆನ್ನಾಗಿ ಬಸಿಯಲು ಬಿಡಿ. ಮುಂದೆ ಮೇಲಿನ 4–5 ಸೆಂ.ಮೀ. ಮಣ್ಣು ಒಣಗಿದಾಗಷ್ಟೇ ನೀರು ಕೊಡಿ. ಎಲೆ ಕಡಿಮೆಯಾದ ಗಿಡಕ್ಕೆ ನೀರೂ ಕಡಿಮೆ ಸಾಕು. ಗಾಬರಿಯಿಂದ ದಿನವೂ ಸುರಿದರೆ ಬೇರಿಗೆ ಗಾಳಿಯಾಡದೆ ಮತ್ತೆ ಎಸಿಸಿ ಹುಟ್ಟುತ್ತದೆ, ಉಳಿದ ಎಲೆಗಳೂ ಹೋಗುತ್ತವೆ. ಹೊಸ ಚಿಗುರು ಬಲಿಯುವವರೆಗೆ ಗೊಬ್ಬರ ಬೇಡ. ಬೋಳಾದ ರೆಂಬೆಯನ್ನು ಕತ್ತರಿಸುವ ಆತುರವೂ ಬೇಡ. ತೊಗಟೆಯನ್ನು ಉಗುರಿನಿಂದ ಕೆರೆದಾಗ ಒಳಗೆ ಹಸಿರಿದ್ದರೆ ಅದು ಮತ್ತೆ ಚಿಗುರಬಲ್ಲದು.

ಪ್ರಶ್ನೆ: ಹೂ ಬಿಡುವ ಹೊತ್ತಿಗೆ ಕಿತ್ತಳೆ ಗಿಡದ ಒಳಭಾಗದ ಎಲೆಗಳು ಹಳದಿಯಾಗಿ ಬೀಳುತ್ತವೆ. ರೋಗವೇ?

ಉತ್ತರ: ತುದಿಯ ಹೊಸ ಚಿಗುರು ಚೆನ್ನಾಗಿದ್ದರೆ ಅಲ್ಲ. ಹಳೆ ಎಲೆ ಬಿದ್ದು ಹೊಸದು ಬರುತ್ತಿದೆ, ಅಷ್ಟೇ.

ಪ್ರಶ್ನೆ: ಎಲೆಯನ್ನು ಹಿಡಿದಿಡುವುದು ಆಕ್ಸಿನ್ ಎಂದಾದರೆ, ಉದುರುವಾಗ ಕೃತಕ ಆಕ್ಸಿನ್ ಆದ 2,4-ಡಿ ಸಿಂಪಡಿಸಬಹುದಲ್ಲ?

ಉತ್ತರ: ಸಿಂಪಡಿಸಬೇಡಿ. ಅಂಟು ಕರಗಲು ಶುರುವಾದ ಮೇಲೆ ಹೊರಗಿನಿಂದ ಕೊಟ್ಟ ಆಕ್ಸಿನ್‌ನಿಂದ ಉಪಯೋಗವಿಲ್ಲ. ಹಣ್ಣಿನ ತೋಟಗಳಲ್ಲಿ 2,4-ಡಿ ಬಳಸುವುದು ಕಾಯಿ ಉದುರದಿರಲಿ ಎಂದು, ಅದೂ 10–20 ಪಿಪಿಎಂ ಪ್ರಮಾಣದಲ್ಲಿ. 10 ಪಿಪಿಎಂ ಎಂದರೆ ಲೀಟರಿಗೆ 10 ಮಿಲಿಗ್ರಾಂ. ಅಡುಗೆಮನೆಯ ತಕ್ಕಡಿ ಅದನ್ನು ತೂಗಲಾರದು. ಕೈತಪ್ಪಿ ಹೆಚ್ಚಾದರೆ ಅದೇ ಕಳೆನಾಶಕ: ಎಳೆಯ ಎಲೆ ಮುರುಟುತ್ತದೆ, ಗಿಡ ತಾನೇ ಎಥಿಲೀನ್ ಹೆಚ್ಚಿಸಿಕೊಳ್ಳುತ್ತದೆ. ಜಿಬ್ಬರೆಲಿನ್ ಎಂಬ ಇನ್ನೊಂದು ಹಾರ್ಮೋನ್ ಕೂಡ ಟಾನಿಕ್ ಅಲ್ಲ. ಹೂಮೊಗ್ಗು ನಿರ್ಧಾರವಾಗುವ ಕಾಲದಲ್ಲಿ ಸಿಂಪಡಿಸಿದರೆ ಮುಂದಿನ ಹೂವೇ ಕಡಿಮೆಯಾಗುತ್ತದೆ.

ಪ್ರಶ್ನೆ: ಗಿಡ ನೆಟ್ಟಗೆ ಮೇಲಕ್ಕೇ ಹೋಗುತ್ತಿದೆ, ಕವಲೇ ಒಡೆಯುತ್ತಿಲ್ಲ.

ಉತ್ತರ: ಆ ಚಿಗುರು ಹೊರಟಿರುವುದು ಎಲ್ಲಿಂದ ಎಂದು ಮೊದಲು ನೋಡಿ. ಕಸಿಗಂಟಿನ ಕೆಳಗಿನಿಂದ ಬಂದಿದ್ದರೆ ಅದು ಬೇರುಗಿಡದ್ದು (ಕಸಿಗೆ ಆಧಾರವಾದ ಕೆಳಗಿನ ಗಿಡ), ಬುಡಕ್ಕೇ ಕತ್ತರಿಸಿ. ಮೇಲಿನದಾದರೆ, ತುದಿಯಲ್ಲಿ ಹುಟ್ಟಿ ಕೆಳಗಿಳಿಯುವ ಆಕ್ಸಿನ್ ಪಕ್ಕದ ಮೊಗ್ಗುಗಳನ್ನು ತಡೆದಿದೆ. ಚಿಗುರು 30 ಸೆಂ.ಮೀ. ಆದಾಗ ತುದಿಯ 1–2 ಸೆಂ.ಮೀ. ಚಿವುಟಿದರೆ, ಬೇರಿನಿಂದ ಬರುವ ಸೈಟೋಕೈನಿನ್ ಎಂಬ ಹಾರ್ಮೋನ್‌ನ ಬಲದಲ್ಲಿ ಕೆಳಗಿನ ಮೊಗ್ಗುಗಳು ಒಡೆಯುತ್ತವೆ. ಚಿವುಟಲು ಮನಸ್ಸಿಲ್ಲದಿದ್ದರೆ ಎಳೆಯ ಕೊಂಬೆಯನ್ನು ಮೆತ್ತನೆ ಬಟ್ಟೆಯಿಂದ ಓರೆಯಾಗಿ ಎಳೆದು ಕಟ್ಟಿ. ನೆಲದ ಕಡೆಗೆ ಬಾಗುವಷ್ಟು ಎಳೆಯಬೇಡಿ. ಹಾಗೆ ಮಾಡಿದರೆ ಬಾಗಿದ ಬೆನ್ನಿನಿಂದಲೇ ಇನ್ನೊಂದು ನೆಟ್ಟನೆ ಚಿಗುರು ಹೊರಡುತ್ತದೆ.