ಅಜ್ಜಿ ಮಾಡುವ ನಾನ್‌ಖಟಾಯಿಯ ಅಳತೆ ಬರೆದಿಟ್ಟುಕೊಳ್ಳುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಅಜ್ಜಿಗೆ 80 ದಾಟಿದೆ. ದೀಪಾವಳಿಗೆ ಅವರು ಮಾಡುವ ನಾನ್‌ಖಟಾಯಿ ಮನೆಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ. ಅಳತೆ ಕೇಳಿದರೆ "ಅಂದಾಜು" ಅನ್ನುತ್ತಾರೆ. ಯೂಟ್ಯೂಬ್ ನೋಡಿ ಮಾಡಿದರೆ ಬಿಸ್ಕತ್ತು ಹರಡಿಕೊಂಡು ಚಪ್ಪಟೆಯಾಗುತ್ತದೆ, ಆ ರುಚಿಯೂ ಬರುವುದಿಲ್ಲ. ಮನೆಯಲ್ಲಿ ಓವನ್ ಕೂಡ ಇಲ್ಲ. ಏನು ಮಾಡಬೇಕು?

ಮೊದಲು ಅಳತೆ ಕೇಳುವುದನ್ನು ನಿಲ್ಲಿಸಿ. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವೇ ಮಾಡಿ. ಅವರು ತಿದ್ದಲಿ.

ನಮ್ಮದು ಹುಬ್ಬಳ್ಳಿ ಕಡೆ. ನಮ್ಮ ಅಜ್ಜಿಯನ್ನು ಕೇಳಿದಾಗಲೂ "ಅಂದಾಜಿಲೆ ಹಾಕೂದು, ಅದರಾಗೇನೈತಿ" ಅಂತಲೇ ಉತ್ತರ ಬರುತ್ತಿತ್ತು. ಅವರು ಏನನ್ನೂ ಮುಚ್ಚಿಡುತ್ತಿರಲಿಲ್ಲ. ಕೈಗೆ ಗೊತ್ತಿರುವುದನ್ನು ಬಾಯಲ್ಲಿ ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ, ಅಷ್ಟೇ. ಆದರೆ ನಾನು ಪರಾತ, ಅಂದರೆ ಹಿಟ್ಟು ಕಲೆಸುವ ಅಗಲದ ತಟ್ಟೆ, ಹಿಡಿದು ತುಪ್ಪ ತಿಕ್ಕಲು ಕೂತರೆ ಸಾಕು, ಒಂದೊಂದೇ ಮಾತು ಹೊರಗೆ ಬರುತ್ತಿತ್ತು. "ಇನ್ನೊಂದೀಟು ತಿಕ್ಕು, ಇನ್ನ ಬಿಳಿ ಆಗಿಲ್ಲ." "ನಾದಬ್ಯಾಡ, ಕೂಡಸು ಅಷ್ಟ." "ಈಗ ಮುಟ್ಟಬ್ಯಾಡ, ಆರಲಿ." ಬರೆದುಕೊಳ್ಳಬೇಕಾದ್ದು ಈ ಮಾತುಗಳನ್ನು. ಸುಮ್ನೆ ಕೂರಿಸಿ ಕೇಳಿದರೆ ಇವು ನೆನಪಿಗೇ ಬರುವುದಿಲ್ಲ. ಬೇರೆಯವರ ಕೈ ತಪ್ಪಲು ಹೊರಟಾಗ ತಾವಾಗಿಯೇ ಬರುತ್ತವೆ.

ಹಾಗಂತ ಅಳತೆ ಬೇಡ ಅಂತಲ್ಲ. ಅದಕ್ಕೆ ಸುಲಭದ ದಾರಿ ಇದೆ. ಮೊದಲ ಸಲ ಅಜ್ಜಿಯೇ ಮಾಡಲಿ, ನೀವು ನೋಡಿ. ಅವರು ಶುರು ಮಾಡುವ ಮೊದಲು ಹಿಟ್ಟಿನ ಡಬ್ಬಿ, ಸಕ್ಕರೆ ಡಬ್ಬಿ, ತುಪ್ಪದ ಪಾತ್ರೆ ಎಲ್ಲವನ್ನೂ ಡಿಜಿಟಲ್ ತಕ್ಕಡಿ ಮೇಲಿಟ್ಟು ತೂಕ ಬರೆದುಕೊಳ್ಳಿ. ಮಧ್ಯದಲ್ಲಿ "ಅಜ್ಜಿ, ಸ್ವಲ್ಪ ನಿಲ್ಲಿ, ತೂಕ ಮಾಡ್ತೀನಿ" ಅಂತ ತಡೆಯಬೇಡಿ. ತಡೆದರೆ ಕೈ ಅನುಮಾನ ಪಡುತ್ತದೆ, ಹಾಕುವ ಅಳತೆಯೇ ಬದಲಾಗುತ್ತದೆ. ಎಲ್ಲ ಮುಗಿದ ಮೇಲೆ ಡಬ್ಬಿಗಳನ್ನು ಮತ್ತೆ ತೂಗಿ. ಎಷ್ಟು ಕಡಿಮೆಯಾಗಿದೆಯೋ ಅದೇ ಅವರ ಅಂದಾಜು.

ಅವರ ಹತ್ತಿರ ಹಳೆಯ ಪಾವು, ಚಟಾಕು ಅಥವಾ ಒಂದು ಹಿತ್ತಾಳೆ ಲೋಟ ಇದ್ದರೆ ಅದನ್ನು ಜೋಪಾನ ಮಾಡಿ. ನಮ್ಮಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದಿದ್ದೇ 1956ರಲ್ಲಿ. ನಿಮ್ಮ ಅಜ್ಜಿ ಅಡುಗೆ ಕಲಿತದ್ದು ಸೇರು, ಪಾವು ಬಳಸುತ್ತಿದ್ದ ಅವರಮ್ಮನಿಂದ. ಆ ಪಾವನ್ನು ಈಗಿನ 240 ಮಿ.ಲೀ. ಕಪ್ ಎಂದುಕೊಂಡರೆ ಲೆಕ್ಕ ಕೆಡುತ್ತದೆ. ಅದೇ ಪಾತ್ರೆಯಲ್ಲಿ ಹಿಟ್ಟು ತುಂಬಿ, ಅಜ್ಜಿ ತುಂಬುವ ಹಾಗೆಯೇ ತುಂಬಿ, ತೂಗಿ ನೋಡಿ. ತಲೆ ಬೋಳಿಸಿ ಅಳೆಯುತ್ತಾರೋ, ಗೋಪುರ ಮಾಡಿ ಅಳೆಯುತ್ತಾರೋ ಅನ್ನುವುದನ್ನೂ ಗಮನಿಸಿ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಹೋಲಿಸಿ ನೋಡಲು ನಮ್ಮ ಮನೆಯ ಅಳತೆ ಕೊಡುತ್ತೇನೆ. ಮೈದಾ 200 ಗ್ರಾಂ, ಕಡಲೆಹಿಟ್ಟು 50 ಗ್ರಾಂ, ಚಿರೋಟಿ ರವೆ ಎರಡು ಚಮಚ, ತುಪ್ಪ 125 ಗ್ರಾಂ, ಪುಡಿ ಸಕ್ಕರೆ 125 ಗ್ರಾಂ, ಅಡುಗೆ ಸೋಡಾ ಕಾಲು ಚಮಚ, ಏಲಕ್ಕಿ, ಚೂರು ಜಾಜಿಕಾಯಿ, ಒಂದು ಚಿಟಿಕೆ ಉಪ್ಪು. ಹೆಚ್ಚುಕಡಿಮೆ ಹಿಟ್ಟು ಎರಡು ಪಾಲು, ತುಪ್ಪ ಒಂದು, ಸಕ್ಕರೆ ಒಂದು. ನಿಮ್ಮ ಅಜ್ಜಿಯದ್ದೂ ಇದರ ಆಸುಪಾಸಿನಲ್ಲೇ ಇರುತ್ತದೆ ಅಂತ ನನ್ನ ಊಹೆ. ಅಂದರೆ ರುಚಿಯ ವ್ಯತ್ಯಾಸ ಅಳತೆಗಿಂತ ಜಾಸ್ತಿ ಕೆಲಸದಲ್ಲಿದೆ.

ಆ ಕೆಲಸ ಶುರುವಾಗುವುದು ತುಪ್ಪದಿಂದ. ತುಪ್ಪ ಕರಗಿರಬಾರದು, ಕಲ್ಲಿನಂತೆ ಗಟ್ಟಿಯೂ ಇರಬಾರದು. ಹರಳು ಹರಳಾಗಿ ಹೆಪ್ಪುಗಟ್ಟಿ, ಬೆರಳು ಒತ್ತಿದರೆ ಇಳಿಯುವಂತಿರಬೇಕು. ಅದನ್ನು ಪರಾತಕ್ಕೆ ಹಾಕಿ, ಪುಡಿ ಸಕ್ಕರೆ ಸೇರಿಸಿ, ಅಂಗೈಯಿಂದ ಒಂದೇ ಸಮನೆ ತಿಕ್ಕಬೇಕು. ಹಾಗೆ ತಿಕ್ಕುವಾಗ ತುಪ್ಪದೊಳಗೆ ಗಾಳಿ ಸೇರುತ್ತದೆ. ಹಳದಿ ಬಣ್ಣ ಹೋಗಿ ಬಿಳಿಯಾಗುತ್ತದೆ, ಕೈಗೆ ಹಗುರ ಅನಿಸುತ್ತದೆ. ನಮ್ಮ ಅಜ್ಜಿ ಒಂದು ಚೂರನ್ನು ನೀರಿನ ಬಟ್ಟಲಿಗೆ ಬಿಟ್ಟು ನೋಡುತ್ತಿದ್ದರು. ಮುಳುಗಿದರೆ ಇನ್ನೂ ತಿಕ್ಕಬೇಕು, ತೇಲಿದರೆ ಸಾಕು. ಸಕ್ಕರೆ ಸೇರಿದ ತುಪ್ಪ ನೀರಿಗಿಂತ ಭಾರ, ಗಾಳಿ ಹಿಡಿದಾಗ ಮಾತ್ರ ತೇಲುತ್ತದೆ. ಎಂಥ ಪಕ್ಕಾ ಪರೀಕ್ಷೆ ನೋಡಿ! ಒಂದು ಪುಸ್ತಕವನ್ನೂ ಓದದ ಹೆಂಗಸರು ಇದನ್ನು ಕಂಡುಕೊಂಡು ಸೊಸೆಯರಿಗೆ, ಮೊಮ್ಮಕ್ಕಳಿಗೆ ಕೊಟ್ಟು ಹೋಗಿದ್ದಾರೆ. ಇದು ಕಳೆದುಹೋಗಬಾರದು ಅಂತ ನನಗೆ ತುಂಬಾ ಆಸೆ. ಇಷ್ಟುದ್ದ ಬರೆಯುತ್ತಿರುವುದೂ ಅದಕ್ಕೇ.

ಹಿಟ್ಟು ಜರಡಿ ಹಿಡಿದು ಹಾಕಿದ ಮೇಲೆ ಚಪಾತಿ ಹಿಟ್ಟಿನ ಹಾಗೆ ನಾದಬಾರದು. ನಾದಿದರೆ ಮೈದಾದಲ್ಲಿ ಜಿಗುಟು ಬರುತ್ತದೆ, ಬಿಸ್ಕತ್ತು ಬಾಯಲ್ಲಿ ಕರಗುವ ಬದಲು ಗಟ್ಟಿಯಾಗುತ್ತದೆ. ಬೆರಳ ತುದಿಯಿಂದ ಕೂಡಿಸಿ ಒಂದು ಮುದ್ದೆ ಮಾಡಿದರೆ ಸಾಕು. ಉಂಡೆ ಕಟ್ಟಿದಾಗ ಅಂಚಿನಲ್ಲಿ ಸಣ್ಣ ಬಿರುಕು ಕಾಣಿಸಿದರೆ ಹೆದರಬೇಡಿ. ನಾನ್‌ಖಟಾಯಿಯ ಚೆಂದ ಇರುವುದೇ ಆ ಬಿರುಕಿನಲ್ಲಿ. ಉಂಡೆಯೇ ಕಟ್ಟಲಾಗದಷ್ಟು ಪುಡಿಯಾದರೆ ಮಾತ್ರ ಅರ್ಧ ಚಮಚ ತುಪ್ಪ ಸೇರಿಸಿ. ನೀರು, ಹಾಲು ಬೇಡ.

ಇನ್ನು ನಿಮ್ಮ ಬಿಸ್ಕತ್ತು ಹರಡುವ ವಿಚಾರ. ಅಜ್ಜಿ ಮೊದಲು ಡಾಲ್ಡಾ ಹಾಕುತ್ತಿದ್ದರಾ ಅಂತ ಕೇಳಿ ನೋಡಿ. ಡಾಲ್ಡಾ ಮಾರುಕಟ್ಟೆಗೆ ಬಂದಿದ್ದು 1937ರಲ್ಲಿ. ಆಮೇಲೆ ಎಷ್ಟೋ ಮನೆಗಳಲ್ಲಿ ಬಿಸ್ಕತ್ತಿಗೆ ಅದನ್ನೇ ಬಳಸುತ್ತಿದ್ದರು. ತುಪ್ಪಕ್ಕಿಂತ ಅಗ್ಗ, ಸೆಕೆಯಲ್ಲೂ ಬೇಗ ಕರಗುತ್ತಿರಲಿಲ್ಲ. ಅದರಲ್ಲಿ ಟ್ರಾನ್ಸ್ ಫ್ಯಾಟ್ ಜಾಸ್ತಿ ಇತ್ತು, ಹೃದಯಕ್ಕೆ ಕೆಟ್ಟದ್ದು. 2022ರಿಂದ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಣ್ಣೆ, ಕೊಬ್ಬುಗಳಲ್ಲಿ ಅದು 2%ಗಿಂತ ಹೆಚ್ಚಿರಬಾರದು ಅಂತ ಮಿತಿ ಹಾಕಿದೆ. ಹಾಗಾಗಿ ತುಪ್ಪಕ್ಕೆ ಬದಲಾಯಿಸಿದ್ದು ಒಳ್ಳೆಯದೇ. ಆದರೆ ತುಪ್ಪ ಬೇಗ ಕರಗುತ್ತದೆ, ಕರಗಿದರೆ ಬಿಸ್ಕತ್ತು ಹರಡುತ್ತದೆ. ಉಂಡೆ ಮಾಡಿ ಒತ್ತಿದ ಮೇಲೆ ತಟ್ಟೆಯ ಸಮೇತ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಆಮೇಲೆ ಬೇಯಿಸಿ. ಅಜ್ಜಿ ಬೆಳಗಿನ ತಂಪಿನಲ್ಲೇ ಈ ಕೆಲಸಕ್ಕೆ ಕೂರುತ್ತಿದ್ದರೆ ಅದಕ್ಕೂ ಇದೇ ಕಾರಣ ಇರಬಹುದು.

ರುಚಿಯ ಬಗ್ಗೆ ಇನ್ನೊಂದು ಮಾತು. ನಮ್ಮ ಕಡೆ ಹಬ್ಬದ ಮುಂಚೆ ಹಿಟ್ಟು, ಸಕ್ಕರೆ, ಡಾಲ್ಡಾ ಎಲ್ಲ ಮನೆಯಿಂದ ಹೊತ್ತುಕೊಂಡು ಹೋಗಿ ಬೇಕರಿಯ ಭಟ್ಟಿಯಲ್ಲಿ ಬಿಸ್ಕತ್ತು ಮಾಡಿಸಿ, ತಗಡಿನ ಡಬ್ಬಿಯಲ್ಲಿ ತುಂಬಿಸಿಕೊಂಡು ಬರುವ ರೂಢಿ ಇತ್ತು. ನಿಮ್ಮ ಮನೆಯಲ್ಲೂ ಹಾಗಿತ್ತಾ ಅಂತ ವಿಚಾರಿಸಿ. ಭಟ್ಟಿಯವರು ಸೋಡಾ ಬದಲು ಅಮೋನಿಯಾ ಹಾಕುತ್ತಾರೆ, ಅಂದರೆ ಅಮೋನಿಯಂ ಬೈಕಾರ್ಬನೇಟ್. ಅದು ಬಿಸಿಗೆ ಪೂರ್ತಿ ಆವಿಯಾಗಿ ಹೋಗುತ್ತದೆ, ಬಿಸ್ಕತ್ತು ಒಳಗಿನವರೆಗೂ ಗರಿಗರಿಯಾಗುತ್ತದೆ. ಮೇಲಿಂದ ಸೌದೆ ಒಲೆಯ ಘಮ. ನೀವು ಹುಡುಕುತ್ತಿರುವುದು ಆ ರುಚಿಯಾದರೆ ಅದರಲ್ಲಿ ಅರ್ಧ ಅಜ್ಜಿಯದ್ದು, ಅರ್ಧ ಭಟ್ಟಿಯದ್ದು. ಅದು ಮೊದಲೇ ಗೊತ್ತಾದರೆ ಮನೆಯಲ್ಲಿ ಸುಮ್ನೆ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ಓವನ್ ಇಲ್ಲ ಅಂದಿದ್ದೀರಿ. ನಮ್ಮ ಅಜ್ಜಿಯೂ ಓವನ್ ನೋಡಿದವರಲ್ಲ. ದಪ್ಪ ತಳದ ಪಾತ್ರೆಗೆ ಮರಳು ಹಾಕಿ, ಒಳಗೆ ತಟ್ಟೆ ಇಟ್ಟು, ಮುಚ್ಚಳದ ಮೇಲೆ ಕೆಂಡ ಸುರಿಯುತ್ತಿದ್ದರು. ಮೇಲೂ ಕೆಳಗೂ ಶಾಖ. ಈಗ ಗ್ಯಾಸ್ ಮೇಲೆ ದಪ್ಪ ಪಾತ್ರೆಯಲ್ಲಿ ಮರಳು ಅಥವಾ ಕಲ್ಲುಪ್ಪು ಹರಡಿ, ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ಬಿಸ್ಕತ್ತಿನ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ. ಕುಕ್ಕರ್ ಬಳಸುವುದಾದರೆ ಗ್ಯಾಸ್ಕೆಟ್, ಸೀಟಿ ಎರಡನ್ನೂ ತೆಗೆದಿಡಿ. ಮೇಲಿನ ಬಣ್ಣ ಅಷ್ಟಾಗಿ ಬರುವುದಿಲ್ಲ, ತಳ ನೋಡಬೇಕು. ತಳ ತಿಳಿ ಕಂದು ಆದರೆ ಆಯಿತು. ಮುಂದೆ ಓವನ್ ತೆಗೆದುಕೊಂಡರೆ 170 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ಹೇಗೆ ಮಾಡಿದರೂ ಹೊರಗೆ ತೆಗೆದಾಗ ಮೆತ್ತಗೇ ಇರುತ್ತದೆ. ಬೆಂದಿಲ್ಲ ಅಂತ ಮತ್ತೆ ಒಳಗಿಡಬೇಡಿ. ಆರಿದ ಮೇಲೆ ಗಟ್ಟಿಯಾಗುತ್ತದೆ.

ಅಜ್ಜಿಗೆ ವಯಸ್ಸಾಗಿದೆ, ಒಂದೇ ದಿನ ಎಲ್ಲವನ್ನೂ ಮಾಡಿಸಬೇಡಿ. ಕಲೆಸಿದ ಹಿಟ್ಟು ಮುಚ್ಚಿಟ್ಟರೆ ಫ್ರಿಜ್‌ನಲ್ಲಿ ಮರುದಿನದವರೆಗೆ ಚೆನ್ನಾಗಿರುತ್ತದೆ. ಒಂದು ದಿನ ಕಲೆಸಿ, ಇನ್ನೊಂದು ದಿನ ಬೇಯಿಸಿ. ಅವರಿಗೆ ತಿಕ್ಕುವ ಶಕ್ತಿ ಇಲ್ಲದಿದ್ದರೆ ನೀವು ತಿಕ್ಕಿ, ಆಗಾಗ ಅವರ ಕೈಗೆ ಕೊಟ್ಟು ಮುಟ್ಟಿಸಿ. ಕಣ್ಣು ಮಂಜಾಗಿದ್ದರೂ ಬೆರಳಿಗೆ ಗೊತ್ತಾಗುತ್ತದೆ. ಫೋನನ್ನು ಅವರ ಮುಖಕ್ಕೆ ಹಿಡಿಯಬೇಡಿ, ಪರಾತದ ಮೇಲೆ ಕೈ ಕಾಣುವಂತೆ ಎಲ್ಲಾದರೂ ಒರಗಿಸಿಡಿ. ಮುಖ ಕಂಡರೆ ಕ್ಯಾಮೆರಾ ನೋಡಿ ಮಾತು ನಿಲ್ಲಿಸುತ್ತಾರೆ.

ಅಮ್ಮನನ್ನೂ ಕರೆದು ಕೂರಿಸಿ. ತನಗೆ ಬರುವುದಿಲ್ಲ ಅಂದರೂ ಅವರು ಚಿಕ್ಕಂದಿನಿಂದ ಇದನ್ನು ನೋಡಿರುತ್ತಾರೆ. ಅಜ್ಜಿ ಒಂದು ಹೇಳಿದರೆ, "ಇಲ್ಲಮ್ಮ, ನೀನು ಆಗ ಮೊಸರಿನ ಕೆನೆ ಹಾಕ್ತಿದ್ದೆಯಲ್ಲ" ಅಂತ ಇನ್ನೊಂದನ್ನು ನೆನಪಿಸುವವರು ಅವರೇ. ಅವರಿಬ್ಬರ ಅಂಥ ವಾದವನ್ನೂ ಬರೆದುಕೊಳ್ಳಿ, ಎರಡೂ ರೀತಿಯಲ್ಲಿ ಮಾಡಿ ನೋಡಬಹುದು. ದೀಪಾವಳಿವರೆಗೆ ಕಾಯುವುದು ಬೇಡ. ಬರುವ ಭಾನುವಾರವೇ ಕಾಲು ಕೆಜಿ ಮೈದಾ ತಂದು ಶುರು ಮಾಡಿ. ತೂಗಿ ನೋಡಿದಾಗ ಸಿಕ್ಕ ಲೆಕ್ಕವನ್ನು ಕಾಮೆಂಟ್‌ನಲ್ಲಿ ಹಾಕಿದರೆ, ನಮ್ಮ ಮನೆಯದಕ್ಕೆ ಹೋಲಿಸಿ ಎಲ್ಲಿ ವ್ಯತ್ಯಾಸ ಇದೆ ಅಂತ ಹೇಳುತ್ತೇನೆ.