ಚೌಡಿಗೆ ಸಾಕಾದ ಜಾಗ ಸಮಿತಿಗೆ ಸಾಲದು

ಹೊಸನಗರ ಕಡೆಯ ಓದುಗರೊಬ್ಬರ ಪತ್ರ: "ನಮ್ಮೂರ ರಸ್ತೆ ಅಗಲ ಮಾಡಲು ಚೌಡಿ ದೇವಿಯ ಕಲ್ಲು ಅಡ್ಡ ಬಂದಿದೆ. ಊರವರು ಮುಟ್ಟಲು ಬಿಡುತ್ತಿಲ್ಲ. ಸರ್ಕಾರಿ ಜಾಗದಲ್ಲಿ ಯಾವ ಧರ್ಮದ ಗುರುತೂ ಇರಬಾರದು. ಅಮೆರಿಕದಲ್ಲಾಗಿದ್ದರೆ ಒಂದೇ ದಿನದಲ್ಲಿ ಕಿತ್ತು ಹಾಕುತ್ತಿದ್ದರು. ನಿಮ್ಮ ಪತ್ರಿಕೆ ಯಾಕೆ ಬಾಯಿ ಬಿಡುತ್ತಿಲ್ಲ?"

ಸಂಪಾದಕರ ಉತ್ತರ: ಬಿಡುತ್ತೇವೆ ಸ್ವಾಮಿ, ಬಿಟ್ಟರೆ ನಿಮಗೆ ಹಿಡಿಸಲಿಕ್ಕಿಲ್ಲ.

ನಿಮ್ಮ ಮಾತಿಗೆ ಕಾನೂನಿನ ಬಲ ಇದೆ, ಒಪ್ಪಿದೆ. ರಸ್ತೆ, ಪಾರ್ಕುಗಳಲ್ಲಿ ಹೊಸದಾಗಿ ಗುಡಿ, ಮಸೀದಿ, ಚರ್ಚು ಕಟ್ಟಕೂಡದು ಎಂದು 2009ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಹಳೆಯವನ್ನು ಒಂದೊಂದಾಗಿ ನೋಡಿ ತೀರ್ಮಾನಿಸಿ ಎಂದೂ ಹೇಳಿದೆ. ಈ ಎರಡನೇ ಮಾತು ಅಧಿಕಾರಿಗಳ ಕಣ್ಣಿಗೆ ಬೀಳುವುದಿಲ್ಲ, ನಿಮ್ಮ ಕಣ್ಣಿಗೂ ಬಿದ್ದಿಲ್ಲ. 2021ರಲ್ಲಿ ನಂಜನಗೂಡು ತಾಲೂಕಿನ ಹುಚ್ಚಗಣಿಯಲ್ಲಿ ಮಹದೇವಮ್ಮನ ಗುಡಿ ಕೆಡವಿದ್ದು ನೆನಪಿದೆಯಲ್ವಾ? ಗಲಾಟೆ ಎದ್ದಿತು. ಅದೇ ತಿಂಗಳು ವಿಧಾನಸಭೆಯಲ್ಲಿ ಮಸೂದೆ ಪಾಸಾಯಿತು: ಇರುವುದು ಇರಲಿ, ಹೊಸದು ಬೇಡ.

ಇನ್ನು ಅಮೆರಿಕ. ಅಲ್ಲಿನ ಮೇರಿಲ್ಯಾಂಡ್‌ನ ಬ್ಲೇಡನ್ಸ್‌ಬರ್ಗ್‌ನಲ್ಲಿ, ರಸ್ತೆಗಳ ನಡುವೆ, 40 ಅಡಿಯ ಶಿಲುಬೆ ನಿಂತಿದೆ. ಮೊದಲ ಮಹಾಯುದ್ಧದಲ್ಲಿ ಸತ್ತ ಆ ಕೌಂಟಿಯ 49 ಜನರ ನೆನಪಿಗೆ 1925ರಲ್ಲಿ ನಿಲ್ಲಿಸಿದ್ದು. ಜಾಗ ಆಮೇಲೆ ಸರ್ಕಾರದ ಕೈಗೆ ಬಂತು. ತೆಗೆಸಿ ಎಂದು ಕೆಲವರು ಕೇಸು ಹಾಕಿದರು. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಏಳು ಜನ ಇರಲಿ ಬಿಡಿ ಎಂದರು, ಇಬ್ಬರು ಬೇಡ ಎಂದರು. ಇಷ್ಟು ಕಾಲ ನಿಂತದ್ದನ್ನು ಈಗ ಕಿತ್ತರೆ ಧರ್ಮದ ಮೇಲೆ ಹಗೆ ಸಾಧಿಸಿದಂತೆ ಕಾಣುತ್ತದೆ ಎನ್ನುವುದು ಏಳು ಜನರ ವಾದಗಳಲ್ಲೊಂದು. ಶಿಲುಬೆ ಒಂದೇ ಧರ್ಮದ ಗುರುತು ತಾನೇ ಎಂದು ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಬೇರೆ ತೀರ್ಪು ಬರೆದರು. ಅದರಲ್ಲೂ ಹುರುಳಿದೆ. ನನ್ನ ಓಟು ಮಾತ್ರ ಏಳು ಜನರಿಗೆ.

ನಮ್ಮ ಚೌಡಿ ಯಾರ ಜಾಗವನ್ನೂ ನುಂಗಿದವಳಲ್ಲ. ಮೊಣಕಾಲೆತ್ತರದ ಕಲ್ಲು, ಪಾಚಿಯ ಮೇಲೆ ಕುಂಕುಮ, ನಾಲ್ಕು ಹಸಿರು ಬಳೆ, ಒಡೆದ ಕಾಯಿಯ ಚಿಪ್ಪು. ಗೋಡೆಯಿಲ್ಲ, ಬಾಗಿಲಿಲ್ಲ, ಬೀಗವಂತೂ ಇಲ್ಲವೇ ಇಲ್ಲ. ದನ ತಪ್ಪಿಸಿಕೊಂಡವರು ಯಾವ ಜಾತಿಯವರಾದರೂ ಅಲ್ಲೇ ನಿಂತು ಹರಕೆ ಹೊರುತ್ತಾರೆ. ಭೂತನ ಬನ, ನಾಗರ ಬನ ಎಲ್ಲ ಹೀಗೇ. ಬಳ್ಳಿಗಾವೆಯ ಗಂಡಭೇರುಂಡ ಕಂಬ 1047ರಿಂದ ಬಯಲಲ್ಲೇ ನಿಂತಿದೆ, ಅದರಿಂದ ಯಾರಿಗೆ ಏನು ತೊಂದರೆಯಾಯಿತು?

ಜಗಳ ಶುರುವಾಗುವುದು ನೆತ್ತಿಯ ಮೇಲೆ ತಗಡು ಬಂದಾಗ. ಮೊದಲು ಕಟ್ಟೆ. ಮಳೆಗೆ ನೆನೆಯುತ್ತಾಳೆ ಅಂತ ಶೀಟು. ಆಮೇಲೆ ಟೈಲ್ಸು, ಗ್ರಿಲ್ಲು, ಹುಂಡಿ. ಹುಂಡಿ ಬಂತೆಂದರೆ ಸಮಿತಿ, ಸಮಿತಿ ಬಂತೆಂದರೆ ರಸೀದಿ ಪುಸ್ತಕ. ಗ್ರಾನೈಟ್ ಫಲಕದಲ್ಲಿ ಅಮ್ಮನವರ ಹೆಸರಿಗಿಂತ ದಾನಿಗಳ ಹೆಸರೇ ದಪ್ಪ. ಹೊಸದಾಗಿ ಹಸಿರು ಬಳಿದ ಗೋರಿಗೂ ಇದೇ ಕಥೆ, ಸರ್ಕಲ್ಲಿನ ನಾಯಕರಿಗೂ ಇದೇ ಕಥೆ. ರಸ್ತೆಯಲ್ಲಿ ಪ್ರತಿಮೆ ನಿಲ್ಲಿಸಬೇಡಿ ಎಂದು 2013ರಲ್ಲೇ ಕೋರ್ಟ್ ಹೇಳಿದೆ. ಖಾಲಿ ಇರುವ ಒಂದು ಸರ್ಕಲ್ ತೋರಿಸಿ ನೋಡೋಣ.

ನಿಮ್ಮ ರಸ್ತೆಯೂ ಆಗಲಿ, ಬೇಡ ಅನ್ನುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ಶರಾವತಿ ಕಣಿವೆಯ ಜನ ಪಾತ್ರೆ-ಪಡಗದ ಜೊತೆ ದೇವರನ್ನೂ ಹೊತ್ತುಕೊಂಡೇ ಹೊರಟರು. ಊರವರನ್ನು ಕೂರಿಸಿ ಕೇಳಿದರೆ, ಶಾಸ್ತ್ರ ಮಾಡಿ ಕಲ್ಲನ್ನು ಹತ್ತಡಿ ಆಚೆಗೆ ಇಡಲು ಯಾರೂ ತಕರಾರು ಮಾಡಲಿಕ್ಕಿಲ್ಲ. ರಾತ್ರೋರಾತ್ರಿ ಜೆಸಿಬಿ ತಂದರೆ ಮಾತ್ರ ಕೆಟ್ಟಿತು.

ಈ ಜೆಸಿಬಿಯ ಧೈರ್ಯವೂ ಒಂದು ವಿಚಿತ್ರ. ಬಡ ಚೌಡಿಯ ಮುಂದೆ ಗುಡುಗುತ್ತದೆ. ಕೆರೆಯಂಗಳದಲ್ಲಿ ಎದ್ದ ಕಲ್ಯಾಣ ಮಂಟಪದ ಮುಂದೆ ಅದರ ಡೀಸೆಲ್ ಮುಗಿದಿರುತ್ತದೆ. ಸುಮ್ನೆ ಒಂದು ಕೆಲಸ ಮಾಡಿ. ನಿಮ್ಮೂರ ಗೋಮಾಳದ ಪಹಣಿ ತೆಗೆಸಿ, ಕಾಗದದಲ್ಲಿ ಎಷ್ಟಿದೆ, ನೆಲದಲ್ಲಿ ಎಷ್ಟು ಉಳಿದಿದೆ ನೋಡಿ. ಬೇಲಿ ಹಾಕಿಕೊಂಡವರು ಯಾರು ಅಂತಲೂ ಬರೆದು ಕಳಿಸಿ. ಪತ್ರ ಉದ್ದವಾದರೂ ಪರವಾಗಿಲ್ಲ, ಪೂರ್ತಿ ಹಾಕುತ್ತೇವೆ.